ಯೆಲ್ಲೋ ಲ್ಯಾಬ್ ಮಂಕಾಗಿದೆಯಾ? ಮದ್ದು ಹಾಕುವ ಮೊದಲು ಬಾವಿ ನೀರು ನೋಡಿ

ಮಳೆ ಹಿಡಿದು ಒಂದೆರಡು ತಿಂಗಳಾಗುವಷ್ಟರಲ್ಲಿ ಕಾಸರಗೋಡಿನ ಕಡೆ ಮೀನು ಸಾಕುವವರಿಂದ ಒಂದೇ ನಮೂನೆಯ ದೂರು ಬರಲು ಶುರುವಾಗುತ್ತದೆ. ನಿಂಬೆಹಣ್ಣಿನಂತೆ ಹೊಳೆಯುತ್ತಿದ್ದ ಯೆಲ್ಲೋ ಲ್ಯಾಬ್ ಎಂಬ ಅಕ್ವೇರಿಯಂ ಮೀನು ಮಂಕಾಗಿದೆ. ಮೈಮೇಲೆ ಬೂದು ಪಟ್ಟೆ ಎದ್ದಿದೆ. ಕಲ್ಲಿನ ಎಡೆಯಿಂದ ಹೊರಗೆ ಬರುತ್ತಿಲ್ಲ, ಕಿವಿರು ಪಟಪಟ ಬಡಿಯುತ್ತಿದೆ. ತಿಂಡಿ ಹಾಕಿದರೆ ಬಾಯಿಗೆ ತೆಗೆದುಕೊಂಡು ಉಗುಳುತ್ತದೆ. ಅಂಗಡಿಯಲ್ಲಿ ಕೇಳಿದರೆ ಒಂದು ನೀಲಿ ಮದ್ದು ಕೊಡುತ್ತಾರೆ. ಮನೆಯಲ್ಲಿ ಯಾರಾದರೂ ಒಂದು ಚಿಟಿಕೆ ಅರಿಶಿನ ಹುಡಿ, ಒಂದು ಹಿಡಿ ಕಲ್ಲುಪ್ಪು ಹಾಕಿರುತ್ತಾರೆ. ವಾರದೊಳಗೆ ಮೀನು ಮಗುಚಿಕೊಳ್ಳುತ್ತದೆ.

ನಾನು ನೋಡಿದ ಹೆಚ್ಚಿನ ಕಡೆ ಮೀನಿಗೆ ರೋಗ ಇರಲೇ ಇಲ್ಲ. ತೊಂದರೆ ಇದ್ದದ್ದು ನೀರಿನಲ್ಲಿ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಕುಡಿಯಲು ಅಮೃತ, ಆದರೆ ಆಫ್ರಿಕಾದ ಮಲಾವಿ ಸರೋವರದ ಮೀನಿಗೆ ಅದು ಹಾಗೇ ಆಗುವುದಿಲ್ಲ. ಅದನ್ನು ಹೇಗೆ ಪತ್ತೆ ಹಚ್ಚುವುದು, ಮೀನು ಸಾಯದ ಹಾಗೆ ಹೇಗೆ ಸರಿ ಮಾಡುವುದು, ಅದಲ್ಲದಿದ್ದರೆ ಮತ್ತೆ ಎಲ್ಲಿ ಹುಡುಕುವುದು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮೀನನ್ನು ನೋಡಿ

ಟ್ಯಾಂಕ್ ಎದುರು ಒಂದು ಕುರ್ಚಿ ಹಾಕಿ ಹತ್ತು ನಿಮಿಷ ಸುಮ್ನೆ ಕುಳಿತುಕೊಳ್ಳಿ. ಲೈಟ್ ಹಾಕಬೇಡಿ, ಗಾಜು ಬಡಿಯಬೇಡಿ. ಮೀನು ನಿಮ್ಮನ್ನು ಮರೆತ ಮೇಲೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ತೊಂದರೆ ಒಂದು ಮೀನಿಗೋ, ಎಲ್ಲಾ ಮೀನಿಗೋ?

ಎಲ್ಲಾ ಮೀನೂ ಒಟ್ಟಿಗೆ ಮಂಕಾಗಿದ್ದರೆ ಅದು ನೀರಿನದ್ದು. ರೋಗ ಹೀಗೆ ಒಂದೇ ದಿನ ಎಲ್ಲರನ್ನೂ ಹಿಡಿಯುವುದು ಅಪರೂಪ. ಒಂದೇ ಮೀನು ಮೂಲೆ ಸೇರಿ, ಉಳಿದವು ಚುರುಕಾಗಿದ್ದರೆ ಹೊಡೆದಾಟ, ಹೊಟ್ಟೆಯ ತೊಂದರೆ ಅಥವಾ ಬಾಯಲ್ಲಿ ಮೊಟ್ಟೆ ಇರಬಹುದು.

ಆ ಕೊನೆಯದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಸುಮ್ನೆ ಮದ್ದು ತಿನ್ನುವುದು ಹೆಚ್ಚಾಗಿ ಈ ಹೆಣ್ಣು ಮೀನುಗಳೇ. ಯೆಲ್ಲೋ ಲ್ಯಾಬ್ ಹೆಣ್ಣು ಮೊಟ್ಟೆಯನ್ನು ಬಾಯಲ್ಲಿಟ್ಟು ಮರಿ ಮಾಡುತ್ತದೆ. ಸುಮಾರು ಮೂರು ವಾರ ಅದು ಹೆಚ್ಚುಕಡಿಮೆ ಉಪವಾಸ. ಒಂಟಿಯಾಗಿ ನಿಲ್ಲುತ್ತದೆ, ತಿಂಡಿ ಮುಟ್ಟುವುದಿಲ್ಲ, ಮೈ ಸೊರಗುತ್ತದೆ. ಆದರೆ ಗಂಟಲ ಕೆಳಗೆ ಒಂದು ಚೀಲ ಇಳಿದ ಹಾಗೆ ಕಾಣುತ್ತದೆ. ಆಗಾಗ ಏನೋ ಜಗಿಯುವಂತೆ ಬಾಯಿ ಆಡಿಸುತ್ತದೆ, ಅದು ಮೊಟ್ಟೆಗಳನ್ನು ತಿರುಗಿಸುವುದು. ಬಣ್ಣ ಚೆನ್ನಾಗಿಯೇ ಇರುತ್ತದೆ. ಇಂಥ ಮೀನನ್ನು ಬಿಟ್ಟುಬಿಡಿ.

ಇನ್ನೊಂದು ಸುಳ್ಳು ಗಾಬರಿ ಗಂಡಿನದ್ದು. ಟ್ಯಾಂಕಿನ ಯಜಮಾನನಾದ ಗಂಡಿನ ಹೊಟ್ಟೆಯ ಕಡೆಯ ರೆಕ್ಕೆಗಳು ಕಪ್ಪಾಗುತ್ತವೆ, ಮುಖದ ಹತ್ತಿರವೂ ಸ್ವಲ್ಪ ಮಸಿ ಬಳಿದ ಹಾಗೆ ಕಾಣಬಹುದು. ಮೀನು ಚುರುಕಾಗಿ ಓಡಾಡುತ್ತಿದ್ದರೆ ಅದು ಆರೋಗ್ಯದ ಲಕ್ಷಣ. ಮರಿಯಿಂದಲೇ ಪಟ್ಟೆ ಇದ್ದು, ಯಾವತ್ತೂ ಹೋಗದಿದ್ದರೆ ಅದು ಬೇರೆ ಸಿಕ್ಲಿಡ್ (ಇದೇ ಬಳಗದ ಮೀನು) ಜೊತೆ ಬೆರೆತ ಮಿಶ್ರ ತಳಿ ಇರಬಹುದು. ನೀರು ಎಷ್ಟು ಸರಿ ಮಾಡಿದರೂ ಆ ಪಟ್ಟೆ ಹೋಗುವುದಿಲ್ಲ.

ನಮ್ಮ ನೀರು, ಅದರ ನೀರು

ಯೆಲ್ಲೋ ಲ್ಯಾಬ್‌ನ ಶಾಸ್ತ್ರೀಯ ಹೆಸರು ಲ್ಯಾಬಿಡೋಕ್ರೋಮಿಸ್ ಸೆರೂಲಿಯಸ್. ಫ್ರಯರ್ ಎಂಬ ವಿಜ್ಞಾನಿ 1956ರಲ್ಲಿ ಇದನ್ನು ವಿವರಿಸಿದರು. ಪೂರ್ವ ಆಫ್ರಿಕಾದ ಮಲಾವಿ ಸರೋವರದಲ್ಲಿ ಬಿಟ್ಟರೆ ಬೇರೆಲ್ಲೂ ಇದು ಸಹಜವಾಗಿ ಬೆಳೆಯುವುದಿಲ್ಲ. ಆ ಸರೋವರ ಐನೂರು ಕಿಲೋಮೀಟರಿಗೂ ಉದ್ದ, ಆಳ ಸುಮಾರು 700 ಮೀಟರ್. ಅಷ್ಟು ನೀರು ಇರುವ ಕಡೆ ಋತು ಬದಲಾದರೂ ನೀರಿನ ಗುಣ ಜಾಸ್ತಿ ಅಲ್ಲಾಡುವುದಿಲ್ಲ. ಪಿಎಚ್, ಅಂದರೆ ನೀರಿನ ಹುಳಿಯ ಅಳತೆ (ಅಂಕಿ ಇಳಿದಷ್ಟೂ ಹುಳಿ ಜಾಸ್ತಿ), 7.7ರಿಂದ 8.6ರ ನಡುವೆ ಇರುತ್ತದೆ. ಕೆಎಚ್, ಅಂದರೆ ನೀರಿನಲ್ಲಿರುವ ಕಾರ್ಬೊನೇಟ್ ಗಡಸುತನ, 6ರಿಂದ 8 ಡಿಗ್ರಿ. ಈ ಮೀನಿನ ಮೈ ಆ ಸ್ಥಿರತೆಗೆ ಒಗ್ಗಿಕೊಂಡದ್ದು.

ನಮ್ಮದು ಇದಕ್ಕೆ ಪೂರ್ತಿ ಉಲ್ಟಾ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರು. ಲಕ್ಷಾಂತರ ವರ್ಷ ಮಳೆ ತೊಳೆದು ಉಳಿದದ್ದೇ ಮುರಕಲ್ಲು. ಅದರಲ್ಲಿ ಕಬ್ಬಿಣ ಇದೆ, ಅಲ್ಯೂಮಿನಿಯಂ ಇದೆ, ಸುಣ್ಣದ ಅಂಶ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಆ ಕಲ್ಲಿನ ಮೂಲಕ ಇಳಿದು ಬಂದ ನೀರು ಮೆದು, ಸ್ವಲ್ಪ ಹುಳಿ. ಪೆರ್ಲ, ಬಾಯಾರು, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರೂ ಅಷ್ಟೆ. ಅಂಥ ನೀರಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ಚೆನ್ನಾಗಿ ನೊರೆ ಬರುತ್ತದೆ. ಕೆಎಚ್ ಮಾತ್ರ ಒಂದೋ ಎರಡೋ, ಕೆಲವು ಕಡೆ ಅದೂ ಇಲ್ಲ.

ಕೆಎಚ್ ಯಾಕೆ ಇಷ್ಟು ಮುಖ್ಯ? ಅದು ನೀರಿನ ಕೈಯಲ್ಲಿರುವ ದುಡ್ಡು ಇದ್ದ ಹಾಗೆ. ಮೀನಿನ ಕೊಳೆಯಿಂದ ಬರುವ ಅಮೋನಿಯವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತವೆ, ಅಲ್ವಾ? ಆ ಕೆಲಸ ಆಗುವಾಗ ಆಮ್ಲ ಹುಟ್ಟುತ್ತದೆ, ಕೆಎಚ್ ಖರ್ಚಾಗುತ್ತದೆ. ಲೆಕ್ಕ ಹೇಳುವುದಾದರೆ ಅಮೋನಿಯದಲ್ಲಿರುವ ಒಂದು ಗ್ರಾಂ ಸಾರಜನಕಕ್ಕೆ ಏಳು ಗ್ರಾಂಗೂ ಸ್ವಲ್ಪ ಜಾಸ್ತಿ ಕ್ಯಾಲ್ಸಿಯಂ ಕಾರ್ಬೊನೇಟಿಗೆ ಸಮನಾದ ಕ್ಷಾರ ಕರಗಿಹೋಗುತ್ತದೆ. ಖರ್ಚು ದಿನಾ ಇದೆ. ಕೈಯಲ್ಲಿ ಇರುವವರೆಗೆ ಪಿಎಚ್ ಅಲ್ಲಾಡುವುದಿಲ್ಲ. ಖಾಲಿಯಾದ ದಿನ ಒಮ್ಮೆಲೇ ಬೀಳುತ್ತದೆ, 7.5 ಇದ್ದದ್ದು ಕೆಲವೇ ದಿನದಲ್ಲಿ 6ಕ್ಕೆ, ಕೆಲವೊಮ್ಮೆ ಅದಕ್ಕೂ ಕೆಳಗೆ.

ಬೇಸಿಗೆಯಲ್ಲಿ ತಂದ ಮೀನು ಮಳೆಗಾಲದಲ್ಲಿ ಹಾಳಾಗುವುದು ಇದಕ್ಕೇ. ಮೀನು ದೊಡ್ಡದಾಗಿದೆ, ತಿಂಡಿ ಜಾಸ್ತಿಯಾಗಿದೆ, ಖರ್ಚೂ ಜಾಸ್ತಿ. ಬಾವಿಗೆ ಮಳೆನೀರು ತುಂಬಿ ಇದ್ದಬದ್ದ ಗಡಸುತನವೂ ತೆಳುವಾಗಿದೆ. ನೀವು ಶ್ರದ್ಧೆಯಿಂದ ಪ್ರತಿ ವಾರ ನೀರು ಬದಲಿಸುತ್ತೀರಿ, ಆದರೆ ಹಾಕುವ ನೀರಲ್ಲೇ ಏನೂ ಇಲ್ಲ.

ಪರೀಕ್ಷೆ: ಇಲ್ಲಿ ಮೋಸ ಹೋಗುವುದು ಸುಲಭ

ಬೇಕಾದ್ದು ಹನಿ ಬಿಟ್ಟು ಬಣ್ಣ ನೋಡುವ ಮೂರು ಕಿಟ್: ಪಿಎಚ್, ಕೆಎಚ್, ಅಮೋನಿಯ. ಕಡ್ಡಿ ಅದ್ದಿ ನೋಡುವ ಸ್ಟ್ರಿಪ್ ಬೇಡ. ಮೆದು ನೀರಿನಲ್ಲಿ ಅದರ ಬಣ್ಣ ನಂಬುವ ಹಾಗಿಲ್ಲ.

ಪಿಎಚ್ ಕಿಟ್‌ನಲ್ಲಿ ಎರಡು ವಿಧ ಇದೆ. ಆಫ್ರಿಕನ್ ಸಿಕ್ಲಿಡ್ ಸಾಕುವವರಿಗೆ ಅಂಗಡಿಯವರು ಸಹಜವಾಗಿ ಹೈ ರೇಂಜ್ ಕಿಟ್ ಕೊಡುತ್ತಾರೆ. ಅದರ ಬಣ್ಣದ ಕಾರ್ಡ್ ಶುರುವಾಗುವುದೇ 7.4ರಿಂದ. ನಿಮ್ಮ ನೀರು 5.5ಕ್ಕೆ ಬಿದ್ದಿದ್ದರೂ ಆ ಕಿಟ್ 7.4ರ ಬಣ್ಣವನ್ನೇ ತೋರಿಸುತ್ತದೆ. "ಪಿಎಚ್ ಸರಿ ಇದೆ, ಸ್ವಲ್ಪ ಕಡಿಮೆ ಅಷ್ಟೆ" ಎಂದು ಹೇಳುವವರೆಲ್ಲಾ ನೋಡಿದ್ದು ಈ ಬಣ್ಣವನ್ನೇ. ಹಾಗಾಗಿ ಕಾರ್ಡಿನ ಮೊದಲನೇ ಬಣ್ಣ ಬಂದರೆ ಅದನ್ನು ನಂಬಬೇಡಿ, ಸಾಮಾನ್ಯ ಕಿಟ್‌ನಲ್ಲಿ ಮತ್ತೆ ನೋಡಿ. ಅದರಲ್ಲಿ ಹಳದಿ ಬಂದು 6 ಎಂದು ತೋರಿಸಿದರೂ ನಿಜವಾದ ಪಿಎಚ್ ಇನ್ನೂ ಕೆಳಗೆ ಇರಬಹುದು.

ಕೆಎಚ್ ಪರೀಕ್ಷೆಗೆ ಮೋಸ ಕಡಿಮೆ. ಹೆಚ್ಚಿನ ಕಿಟ್‌ಗಳಲ್ಲಿ ಗಾಜಿನ ನಳಿಗೆಗೆ ಗುರುತಿನವರೆಗೆ ಟ್ಯಾಂಕ್ ನೀರು ಹಾಕಿ, ಒಂದೊಂದೇ ಹನಿ ಬಿಟ್ಟು ಕುಲುಕಬೇಕು. ನೀರು ಮೊದಲು ನೀಲಿಯಾಗುತ್ತದೆ, ಆಮೇಲೆ ಒಂದು ಹನಿಗೆ ಹಳದಿಗೆ ತಿರುಗುತ್ತದೆ. ಎಷ್ಟನೇ ಹನಿಗೆ ತಿರುಗಿತೋ ಅಷ್ಟು ಡಿಗ್ರಿ. ನೀರ್ಚಾಲಿನ ಹತ್ತಿರ ಒಂದು ಮನೆಯಲ್ಲಿ ಈ ಪರೀಕ್ಷೆ ಮಾಡಿದಾಗ ನೀಲಿ ಕಾಣಲೇ ಇಲ್ಲ. ಮೊದಲ ಹನಿ ನೀರಿಗೆ ಮುಟ್ಟಿದ ಕೂಡಲೇ ಹಳದಿ.

"ಕಿಟ್ ಹಾಳಾಗಿರಬೇಕು ಅಣ್ಣಾ," ಎಂದ ಆ ಮನೆಯ ಹುಡುಗ.

"ಒಂದು ಚಿಟಿಕೆ ಸೋಡಾ ಹುಡಿ ತಾ," ಎಂದೆ. ಲೋಟದ ನೀರಿಗೆ ಅದನ್ನು ಕಲಸಿ ಮತ್ತೆ ಹನಿ ಬಿಟ್ಟ. ಒಳ್ಳೆ ಗಟ್ಟಿ ನೀಲಿ. ಹನಿ ಬಿಡುತ್ತಲೇ ಹೋದ, ನೀಲಿ ಹೋಗಲಿಲ್ಲ. ಕಿಟ್ ಸರಿಯಾಗಿಯೇ ಇತ್ತು, ನೀರಲ್ಲಿ ಕೆಎಚ್ ಸೊನ್ನೆ. ಕಿಟ್ ಮೇಲೆ ಸಂಶಯ ಬಂದರೆ ನೀವೂ ಇದನ್ನೇ ಮಾಡಿ ನೋಡಬಹುದು.

ನೀರಲ್ಲಿ ಕರಗಿದ್ದೆಲ್ಲದರ ಒಟ್ಟು ಅಳತೆ ತೋರಿಸುವ ಟಿಡಿಎಸ್ ಮೀಟರ್ ಈಗ ಅಗ್ಗಕ್ಕೆ ಸಿಗುತ್ತದೆ, ಎಲ್ಲರ ಕೈಯಲ್ಲೂ ಇದೆ. ಅದರ ಮೇಲೆ ಜಾಸ್ತಿ ಭಾರ ಹಾಕಬೇಡಿ. ಮಂಜೇಶ್ವರ, ಉಪ್ಪಳ, ಕುಂಬಳೆಯಲ್ಲಿ ಕಡಲ ಬದಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪು ನುಗ್ಗಿದರೆ ಟಿಡಿಎಸ್ ಮೇಲೇರುತ್ತದೆ. ಅದು ಉಪ್ಪಿನ ಲೆಕ್ಕ, ಕೆಎಚ್ ಲೆಕ್ಕ ಅಲ್ಲ. ಮೀಟರ್ ದೊಡ್ಡ ಅಂಕಿ ತೋರಿಸಿದರೂ ಕೆಎಚ್ ಕಡಿಮೆ ಇರಬಹುದು. ಬೋರ್‌ವೆಲ್ ನೀರನ್ನು ಎತ್ತಿದ ಕೂಡಲೇ ಪಿಎಚ್ ನೋಡುವುದೂ ಸರಿಯಲ್ಲ. ಆಳದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ, ಹಾಗಾಗಿ ಪಿಎಚ್ ಕಡಿಮೆ ಕಾಣುತ್ತದೆ. ಬಕೆಟಿನಲ್ಲಿ ಒಂದು ರಾತ್ರಿ ಏರ್ ಪಂಪ್ ಬಿಟ್ಟು ಬೆಳಗ್ಗೆ ನೋಡಿ. ಕಬ್ಬಿಣದ ಕೆಂಪು ಇದ್ದರೆ ಅದೂ ಅಷ್ಟರಲ್ಲಿ ತಳಕ್ಕೆ ಇಳಿದಿರುತ್ತದೆ.

ಬಾವಿ ನೀರು, ಟ್ಯಾಂಕ್ ನೀರು ಎರಡನ್ನೂ ಪರೀಕ್ಷಿಸಿ ಒಂದು ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಡಿ. ಟ್ಯಾಂಕಿನ ಕೆಎಚ್ 3ಕ್ಕಿಂತ ಕಡಿಮೆ ಇದ್ದರೆ ಕಾರಣ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಆದರೆ ಕೂಡಲೇ ಸೋಡಾ ಡಬ್ಬಿಗೆ ಕೈ ಹಾಕಬೇಡಿ.

ಅವಸರ ಮಾಡಿದರೆ ಮೀನು ಸಾಯುವುದು ಇಲ್ಲೇ

ಇದೊಂದು ಭಾಗವನ್ನು ದಯವಿಟ್ಟು ನಿಧಾನಕ್ಕೆ ಓದಿ. "ಪಿಎಚ್ ಸರಿ ಮಾಡಿದೆ, ರಾತ್ರಿ ಕಳೆಯುವಷ್ಟರಲ್ಲಿ ಎಲ್ಲಾ ಸತ್ತವು" ಎನ್ನುವವರ ಟ್ಯಾಂಕಿನಲ್ಲಿ ಆಗುವುದು ಇದೇ.

ಪಿಎಚ್ 6.5ಕ್ಕಿಂತ ಕೆಳಗೆ ಹೋದಾಗ ಫಿಲ್ಟರಿನ ಬ್ಯಾಕ್ಟೀರಿಯಾ ಮಂದವಾಗುತ್ತವೆ. 6ಕ್ಕೆ ಬಂದರೆ ಕೆಲಸ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಮೀನು ಅಮೋನಿಯ ಬಿಡುವುದು ನಿಲ್ಲುವುದಿಲ್ಲ, ಅದು ನೀರಲ್ಲೇ ಸೇರುತ್ತಾ ಹೋಗುತ್ತದೆ. ಆದರೂ ಮೀನು ಯಾಕೆ ಬದುಕಿದೆ? ಹುಳಿ ನೀರಲ್ಲಿ ಅಮೋನಿಯ ಹೆಚ್ಚುಕಡಿಮೆ ಪೂರ್ತಿ ಅಮೋನಿಯಂ ರೂಪದಲ್ಲಿರುತ್ತದೆ. ಅದು ಮೀನಿಗೆ ಅಷ್ಟು ವಿಷವಲ್ಲ. ನೀರು 28 ಡಿಗ್ರಿ, ಪಿಎಚ್ 6 ಇರುವಾಗ ಒಟ್ಟು ಅಮೋನಿಯದಲ್ಲಿ ವಿಷದ ರೂಪದ್ದು ಸಾವಿರದಲ್ಲಿ ಒಂದು ಪಾಲೂ ಇಲ್ಲ. ಅದೇ ನೀರಿನ ಪಿಎಚ್ 8.2 ಆದರೆ ಹತ್ತರಲ್ಲಿ ಒಂದು ಪಾಲು ವಿಷ. ಅಂದರೆ ನೂರು ಪಟ್ಟಿಗೂ ಜಾಸ್ತಿ. ಹನಿ ಕಿಟ್ ತೋರಿಸುವುದು ಒಟ್ಟು ಅಮೋನಿಯ, ಹಾಗಾಗಿ ಕಿಟ್‌ನ ಬಣ್ಣ ಬದಲಾಗುವುದಿಲ್ಲ. ಮೀನು ಮಾತ್ರ ಸಾಯುತ್ತದೆ.

ಆದ್ದರಿಂದ ಅಮೋನಿಯ ಮೊದಲು, ಪಿಎಚ್ ಆಮೇಲೆ.

ಅಮೋನಿಯ ಕಿಟ್‌ನಲ್ಲಿ ಹಸಿರು ಬಣ್ಣ ಬಂದರೆ ತಿಂಡಿ ನಿಲ್ಲಿಸಿ. ಒಂದು ವಾರ ತಿನ್ನದಿದ್ದರೆ ದೊಡ್ಡ ಯೆಲ್ಲೋ ಲ್ಯಾಬ್‌ಗೆ ಏನೂ ಆಗುವುದಿಲ್ಲ. ಏರ್ ಪಂಪ್ ಜೋರಾಗಿ ಓಡಲಿ. ದಿನಕ್ಕೆ ಕಾಲು ಭಾಗ ನೀರು ಬದಲಿಸಿ, ಸೋಡಾ ಹಾಕದ ಬಾವಿ ನೀರಿನಿಂದಲೇ. ಈಗ ಟ್ಯಾಂಕ್ ನೀರಿನ ಪಿಎಚ್ ಹೇಗಿದೆಯೋ ಹಾಗೆಯೇ ಇರಲಿ. ತಳದಲ್ಲಿ ಕೊಳೆ ಇದ್ದರೆ ಪೈಪಿನಲ್ಲಿ ಎಳೆದು ತೆಗೆಯಿರಿ. ಆದರೆ ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಬೇಡಿ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಅದ್ದಿ ತೊಳೆಯಿರಿ. ಅಮೋನಿಯದ ಬಣ್ಣ ಹಳದಿಗೆ ಅಥವಾ ಹತ್ತಿರಕ್ಕೆ ಬರುವವರೆಗೆ ಇದನ್ನೇ ಮುಂದುವರಿಸಿ. ಬೇಸರ ಬರುತ್ತದೆ, ಗೊತ್ತು. ಆದರೆ ಈ ಕೆಲವು ದಿನಗಳೇ ಮೀನನ್ನು ಉಳಿಸುವುದು.

ಆಮೇಲೆ ಸೋಡಾ. ಇಡ್ಲಿ, ಬನ್ಸ್‌ಗೆ ಹಾಕುವ ಸೋಡಾ ಹುಡಿ ಸಾಕು. ಇಲ್ಲಿನ ಅಂಗಡಿಯಲ್ಲಿ ಮಲಯಾಳದಲ್ಲಿ ಕೇಳುವುದಾದರೆ ಅಪ್ಪಕ್ಕಾರಂ ಎನ್ನಿ. ಅಲಕ್ಕುಕಾರಂ ಕೊಟ್ಟರೆ ತರಬೇಡಿ, ಅದು ಬಟ್ಟೆಯದ್ದು, ಪಿಎಚ್ ಅನ್ನು ಒಮ್ಮೆಲೇ ಏರಿಸುತ್ತದೆ. ಬೇಕಿಂಗ್ ಪೌಡರ್ ಕೂಡ ಬೇಡ, ಅದರಲ್ಲಿ ಹಿಟ್ಟು, ಆಮ್ಲ ಎಲ್ಲ ಸೇರಿರುತ್ತದೆ.

ಲೆಕ್ಕ ಹೀಗೆ: 100 ಲೀಟರ್ ನೀರಿನ ಕೆಎಚ್ ಒಂದು ಡಿಗ್ರಿ ಏರಲು 3 ಗ್ರಾಂ ಸೋಡಾ ಬೇಕು. ತಲೆ ಸಮ ಮಾಡಿದ ಒಂದು ಟೀ ಚಮಚದಲ್ಲಿ ಹೆಚ್ಚುಕಡಿಮೆ 5 ಗ್ರಾಂ ಹಿಡಿಯುತ್ತದೆ. ಟ್ಯಾಂಕಿನ ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಕಲ್ಲು, ಮರಳು ತುಂಬಿದ ಜಾಗವನ್ನು ಅಂದಾಜಿಗೆ ಕಳೆಯಿರಿ. ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಕಲ್ಲು ಕಳೆದು 200 ಲೀಟರ್ ನೀರು ಎಂದಿಟ್ಟುಕೊಂಡರೆ ಒಂದು ಡಿಗ್ರಿಗೆ 6 ಗ್ರಾಂ.

ಕೆಎಚ್ ಸೊನ್ನೆಯಿಂದ ಹೊರಡುವಾಗ ಮೊದಲ ಎರಡು ಮೂರು ದಿನ ಅರ್ಧ ಡಿಗ್ರಿಯಂತೆ ಮಾತ್ರ ಏರಿಸಿ. ಯಾಕೆಂದರೆ ಪಿಎಚ್ ಜಾಸ್ತಿ ಹಾರುವುದು ಆ ಮೊದಲ ಸ್ವಲ್ಪದಲ್ಲೇ. ಆಮೇಲೆ ದಿನಕ್ಕೆ ಒಂದು ಡಿಗ್ರಿ ಸಾಕು. ಹುಡಿಯನ್ನು ಒಂದು ಚೆಂಬು ನೀರಲ್ಲಿ ಪೂರ್ತಿ ಕರಗಿಸಿ, ಫಿಲ್ಟರಿನ ನೀರು ಬೀಳುವ ಕಡೆ ಸ್ವಲ್ಪ ಸ್ವಲ್ಪ ಹೊಯ್ಯಿರಿ. ದಿನಾ ಅಮೋನಿಯ ನೋಡಿ. ಹಸಿರು ಕಂಡರೆ ಆ ದಿನ ಸೋಡಾ ಬೇಡ, ನೀರು ಬದಲಿಸಿ. ಕೆಎಚ್ 6ಕ್ಕೆ ಮುಟ್ಟುವಾಗ ಪಿಎಚ್ ತಾನಾಗಿ 8ರ ಆಸುಪಾಸಿಗೆ ಬಂದು ನಿಂತಿರುತ್ತದೆ. ಬಣ್ಣ ಬರಲು ಇನ್ನೂ ಸಮಯ ಬೇಕು, ಆದರೆ ಕಿವಿರಿನ ಬಡಿತ ಮೊದಲೇ ನಿಧಾನವಾಗುತ್ತದೆ. ನಾನು ಗುಣ ಕಾಣುತ್ತಿದೆಯಾ ಎಂದು ನೋಡುವುದು ಅದನ್ನೇ.

ಸುಣ್ಣ ಹಾಕಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಎಲೆಗೆ ಹಚ್ಚುವ ಸುಣ್ಣ, ತೋಟಕ್ಕೆ ತಂದ ಸುಣ್ಣ ಎಲ್ಲರ ಮನೆಯಲ್ಲೂ ಇರುತ್ತದಲ್ಲ. ಬೇಡವೇ ಬೇಡ. ಅರಳಿದ ಸುಣ್ಣದ ನೀರಿನ ಪಿಎಚ್ 12ರ ಹತ್ತಿರ. ಒಂದು ಚಿಟಿಕೆ ಹೆಚ್ಚಾದರೂ ಕಿವಿರು ಸುಟ್ಟುಹೋಗುತ್ತದೆ.

ಮತ್ತೆ ಬೀಳದ ಹಾಗೆ

ಬದಲಿಸುವ ನೀರಿಗೆ ಬಕೆಟಿನಲ್ಲೇ ಸೋಡಾ ಕಲಸಿ ಹಾಕುವುದು ರೂಢಿಯಾಗಲಿ. 20 ಲೀಟರಿಗೆ 4 ಗ್ರಾಂ ಹಾಕಿದರೆ ಕೆಎಚ್ ಆರೂವರೆ ಡಿಗ್ರಿಯಷ್ಟು ಏರುತ್ತದೆ. ಅದು ಮಲಾವಿಗೆ ಸರಿಯಾದ ಮಟ್ಟ.

ಸೋಡಾದಲ್ಲಿ ಕ್ಯಾಲ್ಸಿಯಂ ಇಲ್ಲ. ಅದಕ್ಕೆ ಚಿಪ್ಪು ಇದೆ. ಹೊಳೆಬಾಗಿಲಿನ ಮರುವಾಯಿ ಚಿಪ್ಪು ನಮ್ಮಲ್ಲಿ ಬೇಕಾದಷ್ಟು ಸಿಗುತ್ತದೆ. ಅಡುಗೆಯಾದ ಮೇಲೆ ಉಳಿದ ಚಿಪ್ಪನ್ನು ಉಪ್ಪು, ಮಸಾಲೆ ಒಂದಿಷ್ಟೂ ಉಳಿಯದ ಹಾಗೆ ಉಜ್ಜಿ ತೊಳೆದು, ಕುದಿಸಿ, ಕೆಲವು ದಿನ ಬಿಸಿಲಲ್ಲಿ ಒಣಗಿಸಿ, ಒಡೆದು, ಬಲೆಯ ಚೀಲದಲ್ಲಿ ಫಿಲ್ಟರಿನೊಳಗೆ ನೀರು ಹರಿಯುವ ಜಾಗದಲ್ಲಿ ಇಡಿ. ಇಡೀ ಚಿಪ್ಪಿಗಿಂತ ಒಡೆದದ್ದು ಬೇಗ ಕರಗುತ್ತದೆ. ಚಿಪ್ಪಿನ ಒಳ್ಳೆಯ ಗುಣ ಏನೆಂದರೆ ನೀರು ಹುಳಿಯಾದಷ್ಟೂ ಅದು ಜಾಸ್ತಿ ಕರಗುತ್ತದೆ, ಪಿಎಚ್ 8ರ ಹತ್ತಿರ ಬಂದಾಗ ಹೆಚ್ಚುಕಡಿಮೆ ಸುಮ್ಮನಾಗುತ್ತದೆ. ಜಾಸ್ತಿ ಹಾಕಿದರೆ ತೊಂದರೆಯಾದೀತು ಎಂಬ ಹೆದರಿಕೆ ಇಲ್ಲ. ಆದರೆ ಅದು ನಿಧಾನ. ಬಿದ್ದ ಪಿಎಚ್ ಎತ್ತಲು ಅದೊಂದನ್ನೇ ನಂಬಿ ಕೂರುವ ಹಾಗಿಲ್ಲ. ತಿಂಗಳಿಗೊಮ್ಮೆ ಚೀಲ ತೆಗೆದು ಮೇಲಿನ ಲೋಳೆ ತೊಳೆಯಿರಿ, ಇಲ್ಲದಿದ್ದರೆ ಕರಗುವುದು ನಿಲ್ಲುತ್ತದೆ.

ಟ್ಯಾಂಕಿನೊಳಗೆ ಜೋಡಿಸಿದ ಮುರಕಲ್ಲು, ಕರಿಕಲ್ಲು ನೋಡಲು ಚೆಂದ, ಅಡಗಲು ಜಾಗ. ಕೆಎಚ್‌ಗೆ ಅವುಗಳಿಂದ ಏನೂ ಇಲ್ಲ. ಗೆರಟೆ, ಮರದ ಬೇರು, ಬಾದಾಮಿ ಎಲೆ ಇದ್ದರೆ ತೆಗೆದುಬಿಡಿ. ಬೆಟ್ಟಾ ಮೀನಿಗೆ ಅವು ಒಳ್ಳೆಯದು, ಇಲ್ಲಿ ಮಾತ್ರ ಬೇಡ, ನೀರನ್ನು ಇನ್ನಷ್ಟು ಹುಳಿ ಮಾಡುತ್ತವೆ.

ಅಂಗಳದಲ್ಲಿ ಹೊಸದಾಗಿ ಕಟ್ಟಿದ ಸಿಮೆಂಟ್ ಟಾಂಕಿಯ ಕಥೆ ಮಾತ್ರ ಉಲ್ಟಾ. ಅದರಲ್ಲಿ ಸಿಮೆಂಟಿನ ಸುಣ್ಣ ಬಿಟ್ಟು ಪಿಎಚ್ ಹತ್ತರ ಮೇಲೆ ಹೋಗಬಹುದು. ನೀರು ತುಂಬಿಸಿ, ಖಾಲಿ ಮಾಡಿ, ಹೀಗೆ ಕೆಲವು ವಾರ ತೊಳೆದು, ಪಿಎಚ್ 8.5ರ ಕೆಳಗೆ ನಿಂತ ಮೇಲೆ ಮೀನು ಬಿಡಿ.

ಕೆಎಚ್ ಸರಿ ಇದ್ದೂ ಎಲ್ಲಾ ಮೀನು ಒದ್ದಾಡಿದರೆ

ಆಗ ಹಿಂದಿನ ಎರಡು ದಿನ ಏನಾಯಿತು ಎಂದು ನೆನಪು ಮಾಡಿಕೊಳ್ಳಿ. ಈ ಊರಿನಲ್ಲಿ ಮುಖ್ಯವಾಗಿ ಕೇಳಬೇಕಾದ್ದು ಎರಡು.

ತೋಟಕ್ಕೆ ಮದ್ದು ಬಿಟ್ಟಿದ್ದಾರಾ? ಕೊಳೆರೋಗ ಬಾರದ ಹಾಗೆ ಮಳೆಗಾಲದಲ್ಲಿ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತಿನಲ್ಲಿರುವುದು ತಾಮ್ರ. ಮೀನಿಗೆ ತಾಮ್ರ ದೊಡ್ಡ ವಿಷ, ಮೆದು ನೀರಿನಲ್ಲಂತೂ ಅದರ ವಿಷ ಇನ್ನೂ ಜಾಸ್ತಿ. ತೋಟದ ನಡುವಿನ ತೆರೆದ ಬಾವಿ, ಕೆರೆಗೆ ಅದರ ತುಂತುರು ಬೀಳಬಹುದು. ಅದಕ್ಕಿಂತಲೂ ಸಾಮಾನ್ಯವಾದದ್ದು ಬಕೆಟ್. ಮದ್ದು ಕಲಸಿದ ಬಕೆಟಿನಲ್ಲೇ ಮೀನಿಗೆ ನೀರು ತುಂಬಿಸಿರುತ್ತಾರೆ, ಅಥವಾ ಮದ್ದು ಮುಟ್ಟಿದ ಕೈಯನ್ನೇ ಟ್ಯಾಂಕಿಗೆ ಹಾಕಿರುತ್ತಾರೆ. ಗುರುತು ಹೀಗೆ: ಮೀನು ಮೇಲೆ ಬಂದು ಬಾಯಿ ಬಿಡುತ್ತದೆ, ದಿಕ್ಕೆಟ್ಟು ಓಡುತ್ತದೆ, ಮೈಮೇಲೆ ಲೋಳೆ ಹೆಚ್ಚಾಗುತ್ತದೆ. ಟ್ಯಾಂಕಿನಲ್ಲಿ ಬಸವನಹುಳು ಇದ್ದರೆ ಅದು ಮೀನಿಗಿಂತ ಮೊದಲೇ ಸಾಯುತ್ತದೆ. ಗಾಜಿಗೆ ಅಂಟಿಕೊಂಡಿದ್ದ ಹುಳುಗಳೆಲ್ಲಾ ತಳದಲ್ಲಿ ಬಿದ್ದಿದ್ದರೆ ತಾಮ್ರವನ್ನೇ ಸಂಶಯಿಸಿ. ತೋಟದಿಂದ ದೂರದ ಬಾವಿಯ ನೀರು ತಂದು, ಸೋಡಾ ಕಲಸಿ ಟ್ಯಾಂಕಿನ ಕೆಎಚ್‌ಗೆ ಹೊಂದಿಸಿ, ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ. ಫಿಲ್ಟರಿಗೆ ಹೊಸ ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಮೀನಿನ ಬಕೆಟ್, ಪೈಪು ಬೇರೆಯೇ ಇರಲಿ, ಅದರ ಮೇಲೆ ಬಣ್ಣದಲ್ಲಿ ಗುರುತು ಹಾಕಿ.

ಎರಡನೆಯದು, ಬಾವಿಗೆ ಬ್ಲೀಚಿಂಗ್ ಹುಡಿ ಹಾಕಿದ್ದಾರಾ? ಮಳೆಗಾಲದ ಹೊತ್ತಿಗೆ ಆರೋಗ್ಯ ಇಲಾಖೆಯ ಕಡೆಯಿಂದ ಮನೆಮನೆಯ ಬಾವಿಗೆ ಕ್ಲೋರಿನ್ ಹಾಕುವುದು ಇಲ್ಲಿ ಪದ್ಧತಿ. ಜನರ ಆರೋಗ್ಯಕ್ಕೆ ಅದು ಬೇಕೇ ಬೇಕು. ನೀವು ಕೆಲಸಕ್ಕೆ ಹೋದಾಗ ಅವರು ಬಂದು ಹೋಗಿರುತ್ತಾರೆ, ಸಂಜೆ ನೀವು ನೀರು ಬದಲಿಸುತ್ತೀರಿ, ಬೆಳಗ್ಗೆಗೆ ಮೀನು ಇಲ್ಲ. ಮನೆಯಲ್ಲಿ ಅಮ್ಮನ ಹತ್ತಿರವೋ ಅತ್ತಿಗೆಯ ಹತ್ತಿರವೋ ಕೇಳಿದರೆ ಗೊತ್ತಾಗುತ್ತದೆ. ಪೈಪಿನ ಸರಕಾರಿ ನೀರು ಬಳಸುವವರಿಗೆ ಇದು ವರ್ಷವಿಡೀ ಇರುವ ವಿಷಯ. ಕ್ಲೋರಿನ್ ತೆಗೆಯುವ ದ್ರಾವಣ ಅಂಗಡಿಯಲ್ಲಿ ಸಿಗುತ್ತದೆ, ಒಂದು ಬಾಟಲಿ ಮನೆಯಲ್ಲಿರಲಿ. ಅದಿಲ್ಲದಿದ್ದರೆ ನೀರನ್ನು ತೆರೆದ ಪಾತ್ರೆಯಲ್ಲಿ ಏರ್ ಪಂಪ್ ಬಿಟ್ಟು ಒಂದು ಪೂರ್ತಿ ದಿನ ಇಡಿ.

ಕರೆಂಟು ಹೋಗುವುದೂ ಇದೆ. ಗಾಳಿಮಳೆಗೆ ಮರ ಬಿದ್ದರೆ ರಾತ್ರಿಯಿಡೀ ಬರುವುದಿಲ್ಲ. ಬ್ಯಾಟರಿ ಏರ್ ಪಂಪ್ ಒಂದಿದ್ದರೆ ಮೀನು ಉಳಿಯುತ್ತದೆ. ಆದರೆ ಮುಚ್ಚಿದ ಕ್ಯಾನಿಸ್ಟರ್ ಫಿಲ್ಟರ್ ಗಂಟೆಗಟ್ಟಲೆ ನಿಂತಿದ್ದರೆ ಅದರೊಳಗೆ ಬ್ಯಾಕ್ಟೀರಿಯಾ ಉಸಿರುಕಟ್ಟಿ ಸತ್ತು ನೀರು ಕೊಳೆತಿರುತ್ತದೆ. ಕರೆಂಟು ಬಂದ ಕೂಡಲೇ ಆ ನೀರೆಲ್ಲಾ ಟ್ಯಾಂಕಿಗೆ ಬರುತ್ತದೆ. ಮೊದಲು ಬಿಚ್ಚಿ, ಒಳಗಿನ ನೀರು ಚೆಲ್ಲಿ, ಸ್ಪಂಜು ತೊಳೆದು, ಆಮೇಲೆ ಸ್ವಿಚ್ ಹಾಕಿ. ಏಪ್ರಿಲ್, ಮೇ ಸೆಕೆಯಲ್ಲಿ ನೀರು 30 ಡಿಗ್ರಿ ದಾಟಿದಾಗ ಮೀನು ಮೇಲೆ ಬಂದು ಉಸಿರಾಡಿದರೆ ಅದು ಆಮ್ಲಜನಕದ ಕೊರತೆ. ಮುಚ್ಚಳ ತೆಗೆದು ಫ್ಯಾನ್ ಇಟ್ಟರೆ ಸಾಕು.

ಒಂದೇ ಮೀನಿಗೆ ತೊಂದರೆ ಇದ್ದರೆ

ಬಾಲ, ರೆಕ್ಕೆ ಹರಿದು ಮೂಲೆ ಸೇರಿದ್ದರೆ ಹೊಡೆತ ತಿಂದಿದೆ. ಯೆಲ್ಲೋ ಲ್ಯಾಬ್ ತನ್ನ ಬಳಗದಲ್ಲಿ ಸ್ವಲ್ಪ ಸಾಧು. ಆರಾಟಸ್‌ನಂಥ ಜಗಳಗಂಟ ಮೀನಿನ ಜೊತೆ ಸಣ್ಣ ಟ್ಯಾಂಕಿನಲ್ಲಿ ಹಾಕಿದರೆ ಅದಕ್ಕೆ ಉಳಿಗಾಲ ಇಲ್ಲ. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ, ಕಲ್ಲಿನ ಎಡೆಗಳು ಮೀನಿಗಿಂತ ಜಾಸ್ತಿ ಇರಲಿ. ಹೊಡೆಯುವ ಮೀನನ್ನು ಬೇರೆ ಮಾಡಿದರೆ ಹೊಡೆಸಿಕೊಂಡದ್ದು ತಾನಾಗಿ ಗುಣವಾಗುತ್ತದೆ.

ಹೊಟ್ಟೆ ಉಬ್ಬಿ, ಬಿಳಿ ನೂಲಿನಂಥ ಹಿಕ್ಕೆ ನೇತಾಡುತ್ತಿದ್ದು, ತಿಂಡಿ ಬಿಟ್ಟಿದ್ದರೆ ಅದು ಮಲಾವಿ ಬ್ಲೋಟ್ ಎಂಬ ಹೊಟ್ಟೆಯ ರೋಗ. ಇದೊಂದಕ್ಕೆ ನಿಜವಾಗಿಯೂ ಮದ್ದು ಬೇಕು, ಅದೂ ಬೇಗ. ಹೊಟ್ಟೆ ಪೂರ್ತಿ ಉಬ್ಬಿ ಹುರುಪೆಗಳು ನಿಗುರಿ ನಿಂತ ಮೇಲೆ ಉಳಿಯುವುದು ಕಷ್ಟ. ಮೀನನ್ನು ಬೇರೆ ತೊಟ್ಟಿಗೆ ಹಾಕಿ. ಇದಕ್ಕೆ ಹೆಚ್ಚಾಗಿ ಬಳಸುವುದು ಮೆಟ್ರೊನಿಡಜೋಲ್. ಅಳತೆಯನ್ನು ಪಶುವೈದ್ಯರನ್ನು ಕೇಳಿಯೇ ಹಾಕಿ, ಮುಖ್ಯ ಟ್ಯಾಂಕಿಗೆ ಸುರಿಯಬೇಡಿ, ಫಿಲ್ಟರಿನ ಬ್ಯಾಕ್ಟೀರಿಯಾಗೂ ಪೆಟ್ಟು ಬೀಳಬಹುದು. ಅಂಗಡಿಯ ನೀಲಿ ಮದ್ದಿಗೂ ಅದೇ ಮಾತು.

ಬ್ಲೋಟ್ ಕಂಡ ಟ್ಯಾಂಕಿನಲ್ಲಿ ಕೆಎಚ್, ಅಮೋನಿಯ ಮತ್ತೊಮ್ಮೆ ನೋಡಿ. ಕೆಟ್ಟ ನೀರಿನಲ್ಲಿ ಸೊರಗಿದ ಮೀನಿಗೇ ಅದು ಹೆಚ್ಚಾಗಿ ಹಿಡಿಯುವುದು. ತಿಂಡಿಯನ್ನೂ ಬದಲಿಸಿ. ರಕ್ತಹುಳ, ಮಾಂಸದ ತುಂಡು ನಿಲ್ಲಿಸಿ, ಸ್ಪಿರುಲಿನಾ ಪಾಚಿ ಇರುವ ಸಣ್ಣ ಕಾಳು ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಕೊಡಿ. ಆಟಿ ತಿಂಗಳ ಜಡಿಮಳೆಯಲ್ಲಿ ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಕೆಎಚ್ ಹನಿ ಎಣಿಸಿ ಪುಸ್ತಕದಲ್ಲಿ ಬರೆಯಿರಿ. 5ಕ್ಕೆ ಇಳಿದರೆ ಮುಂದಿನ ಬಕೆಟಿನಲ್ಲಿ ಸೋಡಾ ಸ್ವಲ್ಪ ಜಾಸ್ತಿ ಮಾಡಿ.